ಯಕೃತ್ತಿನ ರೋಗವೂ ನಮ್ಮ ದಾನಧರ್ಮವೂ

ನಮ್ಮ ನಾಡು ದಾನಕ್ಕೆ ಹೆಸರಾದ ನಾಡು. ಹಂಪೆಯ ದೇಗುಲಗಳ ಸುತ್ತ ಒಮ್ಮೆ ತಿರುಗಾಡಿ ಬಂದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಕಲ್ಲುಗಳ ಮೇಲೆ ಕೊರೆದಿರುವ ಶಾಸನಗಳಲ್ಲಿ ದಾನಶಾಸನಗಳಿಗೆ ಕೊರತೆಯಿಲ್ಲ. ಅರಸರ ಕಾಲ ಕಳೆದುಹೋದರೂ ಆ ಗುಣವು ನಮ್ಮ ಜನರನ್ನು ಬಿಟ್ಟು ಹೋಗಲಿಲ್ಲ. ಕಂಪ್ಲಿ, ಎಮ್ಮಿಗನೂರು, ಸಂಡೂರು, ಹೊಸಪೇಟೆಗಳ ಸುತ್ತಮುತ್ತ ಯಾವ ಜಾತ್ರೆಗೆ ಹೋದರೂ ಹಸಿದವನು ಹಸಿದೇ ಹಿಂದಿರುಗುವುದಿಲ್ಲ. ಭತ್ತದ ಸುಗ್ಗಿ ಮುಗಿದೊಡನೆ ಮಠದ ದಾಸೋಹಕ್ಕೆಂದು ಚೀಲ ಹೊತ್ತು ಕಳಿಸುವ ರೈತರು ಇಂದಿಗೂ ಇದ್ದಾರೆ. ಶಾಲೆಯ ಗೋಡೆ, ಬಸ್ ನಿಲ್ದಾಣದ ನೀರಿನ ತೊಟ್ಟಿ, ಆಸ್ಪತ್ರೆಯ ಕಲ್ಲುಬೆಂಚು ಇವೆಲ್ಲದರ ಮೇಲೆ ದಾನಿಗಳ ಹೆಸರುಗಳು ಬರೆಯಲ್ಪಟ್ಟಿವೆ. ಬೆಂಚಿನ ಮೇಲೆ ಕುಳಿತ ರೋಗಿಯ ಬೆನ್ನಿಗೆ ದಾನಿಯ ಹೆಸರು ತಗಲುತ್ತಿರುತ್ತದೆ.

ಇದನ್ನು ನಾನು ಹಾಸ್ಯಕ್ಕಾಗಿ ಬರೆಯುತ್ತಿಲ್ಲ. ಆ ಬೆಂಚು ಇಲ್ಲದಿದ್ದರೆ ರೋಗಿಯು ನೆಲದ ಮೇಲೆ ಕೂರಬೇಕಾಗುತ್ತಿತ್ತು. ಆದರೆ ಒಂದು ಪ್ರಶ್ನೆಯು ಬಹುಕಾಲದಿಂದ ನನ್ನನ್ನು ಕಾಡುತ್ತಿದೆ. ರೋಗಿಗೆ ಬೆಂಚು ಕೊಟ್ಟವರ ಹೆಸರನ್ನು ನಾವು ಓದಿದ್ದೇವೆ. ಅವನಿಗೆ ಆ ರೋಗವು ಏಕೆ ಬಂತು, ಮುಂದಿನವನಿಗೆ ಬಾರದಂತೆ ಮಾಡುವ ಬಗೆ ಯಾವುದು ಎಂದು ಹುಡುಕುವ ಕೆಲಸಕ್ಕೆ ಹಣ ಕೊಟ್ಟವರ ಹೆಸರನ್ನು ನಮ್ಮ ಸೀಮೆಯಲ್ಲಿ ಎಲ್ಲಿಯಾದರೂ ಓದಿದ್ದೇವೆಯೆ? ನಾನಂತೂ ಓದಿಲ್ಲ. ರೋಗದ ಸಂಶೋಧನೆಗೆ ಕೊಡುವ ಹಣವೂ ಅನ್ನದಾನ ವಿದ್ಯಾದಾನಗಳ ಸಾಲಿಗೆ ಸೇರತಕ್ಕ ದಾನವೆಂಬ ಭಾವನೆಯು ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಬೆಳೆಯಬೇಕೆಂಬುದೇ ಈ ಲೇಖನದ ಉದ್ದೇಶ. ಉದಾಹರಣೆಗೆಂದು ಯಕೃತ್ತಿನ ರೋಗಗಳನ್ನು ಆರಿಸಿಕೊಂಡಿದ್ದೇನೆ. ಕಲಾವಿಭಾಗದ ವಿದ್ಯಾರ್ಥಿನಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂಬುದು ವೈದ್ಯರೊಬ್ಬರ ಪ್ರಶ್ನೆಯಲ್ಲ, ಸಮಾಜದ ಪ್ರಶ್ನೆ ಎಂಬುದೇ ಅದಕ್ಕೆ ನನ್ನ ಉತ್ತರ.

ಯಕೃತ್ತು ಎಂದರೆ ನಮ್ಮ ಜನ ಈಗ ಲಿವರ್ ಎಂದು ಕರೆಯುವ ಅಂಗ. ಬಲಪಕ್ಕೆಯ ಎಲುಬುಗಳ ಕೆಳಗೆ ಅಡಗಿರುವ ಇದು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ದೇಹದ ಒಳಗಿನ ಅಂಗಗಳಲ್ಲೆಲ್ಲ ಇದೇ ದೊಡ್ಡದು. ಉಂಡ ಅನ್ನದ ಸಾರವನ್ನು ಕೂಡಿಡುವುದು, ಪಿತ್ತವನ್ನು ಉತ್ಪತ್ತಿ ಮಾಡುವುದು, ರಕ್ತದಲ್ಲಿ ಸೇರಿದ ವಿಷವನ್ನು ತೊಳೆಯುವುದು, ಇಂತಹ ನೂರಾರು ಕೆಲಸಗಳನ್ನು ಮಾಡುತ್ತದೆ. ಕತ್ತರಿಸಿದರೂ ಮತ್ತೆ ಬೆಳೆಯುವ ಶಕ್ತಿಯುಳ್ಳ ಇದು ಬಹಳ ದಿನ ನೋವನ್ನು ತೋರಗೊಡದೆ ದುಡಿಯುತ್ತದೆ. ಈ ಸಹನೆಯೇ ಅದರ ಶತ್ರು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಕಾಲು ಊದಿಕೊಂಡು ರೋಗವು ಹೊರಗೆ ಕಾಣಿಸಿಕೊಳ್ಳುವ ವೇಳೆಗೆ ಯಕೃತ್ತಿನ ಬಹುಭಾಗ ಗಟ್ಟಿಗಟ್ಟಿ ನಾರಿನಂತಾಗಿರುತ್ತದೆ. ಅದನ್ನೇ ವೈದ್ಯರು ಸಿರೋಸಿಸ್ ಎನ್ನುತ್ತಾರೆ. ಹಳ್ಳಿಯವರು ಕಾಮಾಲೆ, ಜಲೋದರ ಎಂಬ ಹೆಸರುಗಳಿಂದ ಇದರ ಲಕ್ಷಣಗಳನ್ನು ಬಲ್ಲರು.

ಹೆಸರಿನೊಡನೆ ಒಂದು ಅಪವಾದವೂ ಬಂದಿದೆ. ಲಿವರ್ ಕೆಟ್ಟಿತೆಂದರೆ "ಕುಡಿದು ಕೆಡಿಸಿಕೊಂಡ" ಎಂಬ ಮಾತು ಜನರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಕುಡಿತದಿಂದ ಯಕೃತ್ತು ಕೆಡುವುದು ನಿಜ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೊಂದೇ ಕಾರಣವಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಎಂಬ ವಿಷಾಣುಗಳು ತಾಯಿಯಿಂದ ಮಗುವಿಗೆ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಇನ್ನೊಬ್ಬರಿಗೆ, ಪರೀಕ್ಷಿಸದ ರಕ್ತದಿಂದ ರೋಗಿಗೆ ದಾಟಿ, ವರ್ಷಾನುಗಟ್ಟಲೆ ಮೌನವಾಗಿದ್ದು ಕೊನೆಗೆ ಯಕೃತ್ತನ್ನೇ ತಿನ್ನುತ್ತವೆ. ಇವೆರಡಲ್ಲದೆ ಯಕೃತ್ತಿನಲ್ಲಿ ಕೊಬ್ಬು ಸೇರುವ ರೋಗವೊಂದು ಈಚಿನ ದಿನಗಳಲ್ಲಿ ಎಲ್ಲೆಡೆ ಹಬ್ಬುತ್ತಿದೆ.

ನನ್ನ ದೊಡ್ಡಮ್ಮ ಈ ರೋಗದಿಂದಲೇ ತೀರಿಕೊಂಡಳು. ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಮಾಡಿ ಬದುಕು ಸಾಗಿಸಿದವಳು. ಹೆಂಡದ ವಾಸನೆ ಬಂದರೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಆಕೆಯ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೆಂದು ತಿಳಿದಾಗ ಹೊಟ್ಟೆಯಲ್ಲಿ ನೀರು ತುಂಬಿ ಹೋಗಿತ್ತು. ಹಿಂದಿನ ಎರಡು ತಿಂಗಳು ಆಕೆ ಒಬ್ಬರು ಹೇಳಿದ ಸೊಪ್ಪಿನ ರಸ, ಇನ್ನೊಬ್ಬರು ಹೇಳಿದ ಪಥ್ಯ, ಮತ್ತೊಬ್ಬರು ಕಟ್ಟಿದ ತಾಯಿತ ಇವುಗಳಲ್ಲಿ ಕಳೆದಿದ್ದಳು. ಸತ್ತ ಮೇಲೆಯೂ ಓಣಿಯಲ್ಲಿ ಒಂದಿಬ್ಬರು "ಗುಟ್ಟಾಗಿ ಕುಡಿಯುತ್ತಿದ್ದಳೇನೋ" ಎಂದು ಪಿಸುಗುಟ್ಟಿದರು. ಆಕೆಯ ರೋಗದ ಹೆಸರನ್ನು ಸರಿಯಾಗಿ ಓದಬಲ್ಲವರು ನಮ್ಮ ಮನೆಯಲ್ಲಿ ಆಗ ಒಬ್ಬರೇ. ಏಕೆಂದರೆ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಓದಲು ಬಂದರೂ ಉಪಯೋಗವೇನು? ತಡವಾಗಿ ಓದಿದ ಕಾಗದದಿಂದ ಜೀವ ಉಳಿಯುವುದಿಲ್ಲ.

ಇಂತಹ ಮನೆಗಳಿಗೆ ನಮ್ಮ ಸಮಾಜವು ಏನನ್ನೂ ಮಾಡುವುದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ರೋಗಿಯ ಭಾವಚಿತ್ರವಿಟ್ಟು ಊರಿನ ಯುವಕರು ಚಂದಾ ಎತ್ತುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭಾರವನ್ನು ಹೊರುತ್ತದೆ. ಅದೇ ವರ್ಷ ಜುಲೈ 28ರಂದು ಕೇಂದ್ರ ಸರ್ಕಾರವು ವಿಷಾಣುಜನ್ಯ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದರಂತೆ ಪರೀಕ್ಷೆಯೂ ಔಷಧವೂ ಉಚಿತ. ಇವೆಲ್ಲ ಮೆಚ್ಚತಕ್ಕ ಕೆಲಸಗಳೇ. ಆದರೆ ಆ ಔಷಧವು ಎಲ್ಲಿಂದ ಬಂತು? ಆ ಪರೀಕ್ಷೆಯನ್ನು ಯಾರು ಕಂಡುಹಿಡಿದರು? ಅವರು ಹುಡುಕುತ್ತಿದ್ದ ವರ್ಷಗಳಲ್ಲಿ ಅವರ ಮನೆಯ ಒಲೆ ಯಾರ ಹಣದಿಂದ ಉರಿಯಿತು? ಚಿಕಿತ್ಸೆಗೆ ಮಾತ್ರ ಹಣ ಕೊಟ್ಟು ಸಂಶೋಧನೆಯನ್ನು ಮರೆಯುವುದು, ಬೆಂಕಿ ಬಿದ್ದಾಗಲೆಲ್ಲ ಬಾವಿ ತೋಡಹೊರಟಂತೆ.

ಹೆಪಟೈಟಿಸ್ ಬಿ ವಿಷಾಣುವಿನ ಕಥೆಯು ಈ ವಿಚಾರದಲ್ಲಿ ನಮಗೆ ಒಳ್ಳೆಯ ಪಾಠ. ಅಮೆರಿಕೆಯ ಬರೂಕ್ ಬ್ಲೂಂಬರ್ಗ್ ಎಂಬ ವಿಜ್ಞಾನಿಯು ಯಕೃತ್ತಿನ ರೋಗವನ್ನು ಅರಸಿ ಹೊರಟವರಲ್ಲ. ಲೋಕದ ನಾನಾ ಜನಾಂಗಗಳ ರಕ್ತದಲ್ಲಿ ಇರುವ ಭೇದಗಳೇನು ಎಂಬುದು ಅವರ ಕುತೂಹಲ. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಅವರಿಗೆ ಅಪರಿಚಿತವಾದ ಒಂದು ವಸ್ತು ದೊರೆಯಿತು. 1965ರಲ್ಲಿ ಅದನ್ನು ಆಸ್ಟ್ರೇಲಿಯ ಆಂಟಿಜೆನ್ ಎಂದು ಕರೆದು ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವಿಷಾಣುವಿನ ಹೊರಕವಚವೆಂಬುದು ಬಳಿಕ ತಿಳಿಯಿತು. ಅದರಿಂದ ರಕ್ತಪರೀಕ್ಷೆಯೂ ಲಸಿಕೆಯೂ ಹುಟ್ಟಿದವು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. 1981ರಲ್ಲಿ ಅಮೆರಿಕೆಯಲ್ಲಿ ಲಸಿಕೆಗೆ ಅನುಮತಿ ದೊರೆಯಿತು. ಅವರು ಕೆಲಸ ಮಾಡುತ್ತಿದ್ದುದು ಫಿಲಡೆಲ್ಫಿಯದಲ್ಲಿ, ಲಾಭದ ಆಸೆಯಿಲ್ಲದೆ ನಡೆಯುವ ಒಂದು ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ. ಈ ಕುತೂಹಲದಿಂದ ಮುಂದೆ ಲಸಿಕೆ ಬರುವುದೆಂದು ಮೊದಲ ದಿನ ಅವರಿಗೆ ಯಾರು ತಾನೆ ಹೇಳಬಲ್ಲವರಾಗಿದ್ದರು? ಫಲವನ್ನು ಮೊದಲೇ ಕೇಳುವ ದಾನಿಯಾಗಿದ್ದರೆ ಈ ಕೆಲಸಕ್ಕೆ ಒಂದು ಬಿಡಿಗಾಸೂ ಹುಟ್ಟುತ್ತಿರಲಿಲ್ಲ. ಜಗತ್ತಿನಲ್ಲೆಲ್ಲ ಜುಲೈ 28ನ್ನು ಹೆಪಟೈಟಿಸ್ ದಿನವಾಗಿ ಆಚರಿಸುವುದು ಇವರ ಹುಟ್ಟುಹಬ್ಬದ ನೆನಪಿಗಾಗಿಯೇ.

ಲಸಿಕೆ ಹುಟ್ಟಿತೆಂದ ಮಾತ್ರಕ್ಕೆ ಎಮ್ಮಿಗನೂರಿನ ತೊಟ್ಟಿಲಿಗೆ ಅದು ಬಂದು ಮುಟ್ಟಲಿಲ್ಲ. ಮೊದಮೊದಲು ಅದು ಉಳ್ಳವರ ವಸ್ತುವಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪೆನಿಯು ಇದೇ ಲಸಿಕೆಯನ್ನು ನಮ್ಮ ದೇಶದಲ್ಲಿಯೇ ತಯಾರಿಸಿ ಬೆಲೆಯನ್ನು ಬಹಳವಾಗಿ ಇಳಿಸಿತು. 1999ರಲ್ಲಿ ಗೇಟ್ಸ್ ದಂಪತಿಗಳ ಪ್ರತಿಷ್ಠಾನವು ಬಡ ದೇಶಗಳ ಮಕ್ಕಳ ಲಸಿಕೆಗಾಗಿ 75 ಕೋಟಿ ಡಾಲರು ಕೊಡುವುದಾಗಿ ಮಾತುಕೊಟ್ಟಿತು. ಅದರ ಬಲದಿಂದ 2000ದಲ್ಲಿ ಗಾವಿ ಎಂಬ ಅಂತರರಾಷ್ಟ್ರೀಯ ಒಕ್ಕೂಟವು ತಲೆಯೆತ್ತಿತು. ಭಾರತ ಸರ್ಕಾರವು ಆ ಒಕ್ಕೂಟದ ನೆರವಿನಿಂದ 2002ರ ಸುಮಾರಿಗೆ ಕೆಲವೆಡೆ ಈ ಲಸಿಕೆಯನ್ನು ಪ್ರಾಯೋಗಿಕವಾಗಿ ಆರಂಭಿಸಿ, 2007-08ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೆ, 2011ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಮೊದಲನೆಯ ಚುಚ್ಚುಮದ್ದು, ಬಳಿಕ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಮತ್ತೆ ಮೂರು ಸಲ ಉಚಿತವಾಗಿ ದೊರೆಯುತ್ತವೆ. ವಿಜ್ಞಾನಿಯ ಕುತೂಹಲ, ದಾನಿಯ ಹಣ, ಉದ್ಯಮಿಯ ಸಾಹಸ, ಸರ್ಕಾರದ ಕರ್ತವ್ಯ ಈ ನಾಲ್ಕೂ ಕೂಡಿದಾಗ ಮಾತ್ರ ಅದು ಸಾಧ್ಯವಾಯಿತು. ನಾಲ್ಕು ಕಾಲಿನ ಮಂಚಕ್ಕೆ ಒಂದು ಕಾಲು ಮುರಿದರೂ ಮಲಗಿದವನು ಉರುಳುತ್ತಾನೆ.

ನಮ್ಮ ಹೊಲದ ಬದುವಿನಲ್ಲಿಯೇ ಬೆಳೆಯುವ ಒಂದು ಗಿಡದ ಕಥೆ ಇದಕ್ಕಿಂತಲೂ ಹತ್ತಿರದ್ದು. ನೆಲನೆಲ್ಲಿಯನ್ನು ಅರಿಯದ ಹಳ್ಳಿಯವರಿಲ್ಲ. ಕಾಮಾಲೆಯೆಂದರೆ ನೆಲನೆಲ್ಲಿಯ ರಸ ಎಂಬುದು ಅಜ್ಜಿಯರ ಕಾಲದ ಮಾತು. ಇದು ನಿಜವೋ ಸುಳ್ಳೋ? ಭಕ್ತಿಯಿಂದ ಹೌದೆನ್ನುವವರೂ ತಿರಸ್ಕಾರದಿಂದ ಅಲ್ಲವೆನ್ನುವವರೂ ಬಹಳ ಮಂದಿ ಇದ್ದಾರೆ. ಪರೀಕ್ಷಿಸಿ ನೋಡಿದವರು ಕೆಲವರು ಮಾತ್ರ. ಮದರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಅವರ ಸಂಗಡಿಗರು ಅದನ್ನು ಪರೀಕ್ಷಿಸಿದರು. ಮೇಲೆ ಹೇಳಿದ ಬ್ಲೂಂಬರ್ಗ್ ಅವರೂ ಈ ಕೆಲಸದಲ್ಲಿ ಕೂಡಿದ್ದರು. ಅವರು 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದರ್ಶಕ ಪ್ರಾಧ್ಯಾಪಕರಾಗಿಯೂ ಬಂದಿದ್ದರು. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಪಟೈಟಿಸ್ ಬಿ ವಿಷಾಣುವನ್ನು ಹೊತ್ತವರಲ್ಲಿ ನೆಲನೆಲ್ಲಿಯ ಪುಡಿಯನ್ನು ಒಂದು ತಿಂಗಳು ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವಿಷಾಣುವಿನ ಗುರುತು ಇಲ್ಲವಾಗಿತ್ತು; ಹುಸಿಮಾತ್ರೆ ನುಂಗಿದ 23 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಹಾಗಾಗಿತ್ತು. ಎಷ್ಟು ಸಂತೋಷದ ಸುದ್ದಿ! ಆದರೆ ವಿಜ್ಞಾನವು ಒಂದು ಸಾಕ್ಷಿಯನ್ನು ನಂಬಿ ತೀರ್ಪು ಕೊಡುವುದಿಲ್ಲ. ಥಾಯ್ಲೆಂಡ್ ಮೊದಲಾದ ಕಡೆ ಮತ್ತೆ ಪರೀಕ್ಷೆ ನಡೆಸಿದಾಗ ಆ ಫಲ ಕಾಣಲಿಲ್ಲ. ಮುಂದೆ 2011ರಲ್ಲಿ ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯ ಸೌಮಿತ್ರ ದಾಸ್ ಅವರ ತಂಡವು ನೆಲನೆಲ್ಲಿಯ ಸಾರವು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಹೆಪಟೈಟಿಸ್ ಸಿ ವಿಷಾಣುವಿನ ವೃದ್ಧಿಯನ್ನು ತಡೆಯುವುದೆಂದು ತೋರಿಸಿತು. ಪ್ರಯೋಗಶಾಲೆಯ ಗಾಜಿನ ತಟ್ಟೆಯಿಂದ ರೋಗಿಯ ಹೊಟ್ಟೆಯವರೆಗೆ ಬಹುದೂರದ ದಾರಿಯಿದೆ.

ಈ ಕಥೆಯಿಂದ ನಾನು ಕಲಿತದ್ದು ಎರಡು. ಮೊದಲನೆಯದು, ಅಜ್ಜಿಯ ಮಾತನ್ನು ಗೌರವಿಸುವ ಸರಿಯಾದ ಮಾರ್ಗವೆಂದರೆ ಅದನ್ನು ಪರೀಕ್ಷೆಗೆ ಒಡ್ಡುವುದು. ಎರಡನೆಯದು, "ಫಲವಿಲ್ಲ" ಎಂದು ತಿಳಿಯುವುದೂ ಒಂದು ಫಲವೇ. ಸೊಪ್ಪಿನ ರಸವನ್ನೇ ನಂಬಿ ಎರಡು ತಿಂಗಳು ಕಳೆಯಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದು ಇಂದು ಧೈರ್ಯದಿಂದ ಹೇಳಲು ಸಾಧ್ಯವಾಗಿರುವುದು, ಯಾರೋ ಹಣ ಕೊಟ್ಟು ಯಾರೋ ಶ್ರಮಪಟ್ಟು ನಡೆಸಿದ ಆ ಪರೀಕ್ಷೆಗಳಿಂದ. ಗಿಡಮೂಲಿಕೆಗಳ ಇಂತಹ ಪರೀಕ್ಷೆಗಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಒಂದು ಸಂಸ್ಥೆಯು ನಮ್ಮ ಬೆಳಗಾವಿಯಲ್ಲಿದೆ ಎಂಬುದನ್ನು ವಾಚಕರು ನೆನಪಿಡಬೇಕು.

ಹೊರದೇಶಗಳಲ್ಲಿ ದತ್ತಿಸಂಸ್ಥೆಗಳು ಈ ಹಣವನ್ನು ಹೇಗೆ ಕೊಡುತ್ತವೆ? ನಮ್ಮಲ್ಲಿಯಂತೆ ಕೈಗೆ ಬಂದವರಿಗೆ ಕೊಟ್ಟು ಕೈ ಮುಗಿಯುವ ಪದ್ಧತಿ ಅಲ್ಲಿಲ್ಲ. ಸಂಶೋಧಕನು ತಾನು ಏನನ್ನು ಹುಡುಕುವೆನು, ಹೇಗೆ ಹುಡುಕುವೆನು, ಎಷ್ಟು ಖರ್ಚಾಗುವುದು ಎಂದು ವಿವರವಾಗಿ ಅರ್ಜಿ ಬರೆಯಬೇಕು. ಅದನ್ನು ದಾನಿಯು ತೀರ್ಮಾನಿಸುವುದಿಲ್ಲ. ಅದೇ ವಿಷಯವನ್ನು ಬಲ್ಲ ಬೇರೆ ವಿದ್ವಾಂಸರು ಓದಿ ತೂಗಿ ನೋಡುತ್ತಾರೆ. ಒಪ್ಪಿಗೆಯಾದರೆ ಎರಡು ಮೂರು ವರ್ಷಗಳಿಗೆಂದು ಹಣ ದೊರೆಯುತ್ತದೆ. ನಡುನಡುವೆ ಲೆಕ್ಕವನ್ನೂ ವರದಿಯನ್ನೂ ಒಪ್ಪಿಸಬೇಕು. ಈ ಹಣದಲ್ಲಿ ದೊಡ್ಡ ಪಾಲು ಕಟ್ಟಡಕ್ಕಲ್ಲ, ಮನುಷ್ಯರಿಗೆ ಹೋಗುತ್ತದೆ. ಈಗತಾನೆ ಓದು ಮುಗಿಸಿದ ಬಡ ಪ್ರತಿಭಾವಂತನಿಗೆ ಸಂಬಳ ಕೊಟ್ಟು, ನೀನು ಬೇರೆ ಚಿಂತೆ ಬಿಟ್ಟು ಇದೊಂದನ್ನೇ ಹುಡುಕು ಎನ್ನುವುದು ಅವರ ರೀತಿ. ಇಂಗ್ಲೆಂಡಿನಲ್ಲಿ ಔಷಧ ವ್ಯಾಪಾರಿ ಹೆನ್ರಿ ವೆಲ್‌ಕಮ್ ಅವರ ಉಯಿಲಿನಂತೆ 1936ರಲ್ಲಿ ಸ್ಥಾಪಿತವಾದ ವೆಲ್‌ಕಮ್ ಟ್ರಸ್ಟ್ ಹೀಗೆಯೇ ನಡೆಯುತ್ತದೆ. ಅದು ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ ಕೂಡಿ 2008ರಲ್ಲಿ ಇಂಡಿಯಾ ಅಲಯನ್ಸ್ ಎಂಬ ಸಂಸ್ಥೆಯನ್ನು ಕಟ್ಟಿ ಭಾರತದ ತರುಣ ವಿಜ್ಞಾನಿಗಳಿಗೆ ವೇತನವನ್ನು ಕೊಡುತ್ತಾ ಬಂದಿದೆ.

ಇಷ್ಟು ದೊಡ್ಡ ಆಸ್ತಿಯಿದ್ದರೆ ಮಾತ್ರ ಇದು ಸಾಧ್ಯವೆಂದು ತಿಳಿಯಬಾರದು. ಅಮೆರಿಕೆಯ ಪೆನ್ಸಿಲ್ವೇನಿಯದಲ್ಲಿ ಹೆಪಟೈಟಿಸ್ ಬಿ ರೋಗಕ್ಕೆ ತುತ್ತಾದ ಒಂದು ಸಂಸಾರದ ಕಷ್ಟವನ್ನು ಕಂಡು ಇಬ್ಬರು ದಂಪತಿಗಳು 1991ರಲ್ಲಿ ಹೆಪಟೈಟಿಸ್ ಬಿ ಪ್ರತಿಷ್ಠಾನವನ್ನು ಆರಂಭಿಸಿದರು. ಚಿಕ್ಕದಾಗಿ ಹುಟ್ಟಿದ ಅದು ಮುಂದೆ ಸ್ವಂತ ಸಂಶೋಧನಾಲಯವನ್ನೇ ಕಟ್ಟಿತು. ಅದಕ್ಕೆ ಈಗ ಬ್ಲೂಂಬರ್ಗ್ ಅವರ ಹೆಸರಿದೆ. ಇನ್ನೊಂದು ನಿದರ್ಶನ. ಹೆಪಟೈಟಿಸ್ ಸಿ ರೋಗಕ್ಕೆ 2013ರ ಕೊನೆಯಲ್ಲಿ ಬಂದ ಸೊಫೊಸ್‌ಬುವಿರ್ ಎಂಬ ಔಷಧಕ್ಕೆ ಅಮೆರಿಕೆಯಲ್ಲಿ ಹನ್ನೆರಡು ವಾರಗಳಿಗೆ 84,000 ಡಾಲರು ಬೆಲೆಯಿಟ್ಟರು. ರೋಗಿಯು ಔಷಧವನ್ನು ಕಂಡೂ ಕೊಳ್ಳಲಾರದ ಸ್ಥಿತಿ. "ಗಡಿಯಿಲ್ಲದ ವೈದ್ಯರು" ಎಂಬ ಅರ್ಥದ ಫ್ರೆಂಚ್ ಹೆಸರುಳ್ಳ ಸೇವಾಸಂಸ್ಥೆಯು 1999ರಲ್ಲಿ ತನಗೆ ಬಂದ ನೊಬೆಲ್ ಶಾಂತಿ ಪಾರಿತೋಷಕದ ಹಣವನ್ನು ಬಡವರ ರೋಗಗಳ ಔಷಧ ಸಂಶೋಧನೆಗೆ ಮೀಸಲಿಟ್ಟಿತ್ತು. 2003ರಲ್ಲಿ ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಮೊದಲಾದವುಗಳೊಡನೆ ಸೇರಿ ಲಾಭರಹಿತ ಔಷಧ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿತು. ಈ ಸಂಸ್ಥೆಯು ಮಲೇಷ್ಯ, ಥಾಯ್ಲೆಂಡುಗಳಲ್ಲಿ 301 ರೋಗಿಗಳ ಮೇಲೆ ರವಿದಾಸ್ವಿರ್ ಎಂಬ ಅಗ್ಗದ ಔಷಧವನ್ನು ಸೊಫೊಸ್‌ಬುವಿರ್ ಜೊತೆಗೆ ಕೊಟ್ಟು ಪರೀಕ್ಷಿಸಿತು; ನೂರಕ್ಕೆ 97 ಮಂದಿ ಗುಣಹೊಂದಿದರು. 2021ರಲ್ಲಿ ಮಲೇಷ್ಯವು ಅದಕ್ಕೆ ಅನುಮತಿಯಿತ್ತಿತು. ಪಾರಿತೋಷಕದ ಹಣವನ್ನು ಪಾರಿತೋಷಕವಾಗಿಯೇ ಗೋಡೆಗೆ ತೂಗುಹಾಕದೆ ಬಿತ್ತಿದ್ದರಿಂದ ಬಂದ ಬೆಳೆ ಇದು.

ದೂರದ ಬೆಟ್ಟ ನುಣ್ಣಗೆ ಎಂದು ಯಾರಾದರೂ ಹೇಳಬಹುದು. ಹತ್ತಿರದ ಬೆಟ್ಟವನ್ನೇ ನೋಡೋಣ. ಬೆಂಗಳೂರಿನಲ್ಲಿ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಸಂಸ್ಥೆಯು ಹುಟ್ಟಿದ್ದು ದಾನದಿಂದ. ಜಮ್‌ಷೆಟ್ಜಿ ಟಾಟಾ ತಮ್ಮ ಸಂಪತ್ತಿನಲ್ಲಿ ಪಾಲು ಕೊಟ್ಟರು. ಮೈಸೂರು ಸಂಸ್ಥಾನವು 1907ರಲ್ಲಿ 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪಿತವಾಯಿತು. ನೂರು ವರ್ಷಗಳ ಆಚೆ ಆ ನೆಲದ ಮೇಲೆ ನೆಲನೆಲ್ಲಿಯ ಪರೀಕ್ಷೆ ನಡೆಯುವುದೆಂದು ಭೂಮಿ ಕೊಟ್ಟವರು ಎಣಿಸಿದ್ದರೆ? 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಅದೇ ಸಂಸ್ಥೆಯಲ್ಲಿ ವೈದ್ಯಕೀಯ ಶಾಲೆ ಹಾಗೂ ಆಸ್ಪತ್ರೆಗಾಗಿ 425 ಕೋಟಿ ರೂಪಾಯಿಗಳ ಕೊಡುಗೆಯನ್ನು ಘೋಷಿಸಿದರು. ವಿಜ್ಞಾನಿಯೂ ವೈದ್ಯನೂ ಒಂದೇ ಅಂಗಳದಲ್ಲಿ ಕೂಡಿ ಸಂಶೋಧನೆ ಮಾಡಬೇಕೆಂಬುದು ಅದರ ಉದ್ದೇಶ.

ಪಶ್ಚಿಮ ಬಂಗಾಳದ ನಿದರ್ಶನವಂತೂ ನಮ್ಮಂತಹ ಹಳ್ಳಿಯವರಿಗೆ ಇನ್ನೂ ಹತ್ತಿರ. ಅಲ್ಲಿ 2006ರಲ್ಲಿ ವೈದ್ಯರೂ ನಾಗರಿಕರೂ ಕೂಡಿ ಲಿವರ್ ಫೌಂಡೇಷನ್ ಎಂಬ ಸೇವಾಸಂಸ್ಥೆಯನ್ನು ಕಟ್ಟಿದರು. ಅದರ ಹಿರಿಯರಲ್ಲಿ ಒಬ್ಬರಾದ ವೈದ್ಯ ಅಭಿಜಿತ್ ಚೌಧುರಿ ಮತ್ತು ಅವರ ಸಂಗಡಿಗರು ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ 1,911 ಮಂದಿ ವಯಸ್ಕರನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೈಮುರಿದು ದುಡಿಯುವ ಆ ಜನರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಯ ಯಕೃತ್ತಿನಲ್ಲಿ ಕೊಬ್ಬು ಸೇರಿತ್ತು. ಅದೂ ಕುಡಿತದ ಕಾರಣವಿಲ್ಲದೆ. ಅವರಲ್ಲಿ ಮುಕ್ಕಾಲು ಪಾಲಿನವರು ದಪ್ಪನೆಯವರೂ ಅಲ್ಲ. ಕೊಬ್ಬಿದ ಪಟ್ಟಣಿಗರ ರೋಗವೆಂದು ಎಲ್ಲರೂ ತಿಳಿದಿದ್ದುದು ಬಡವರ ಗುಡಿಸಲಿನಲ್ಲಿಯೂ ಇದೆಯೆಂದು ಲೋಕಕ್ಕೆ ತಿಳಿದದ್ದು ಹೀಗೆ. ಹಳ್ಳಿಗೆ ಹೋಗಿ ಲೆಕ್ಕ ಹಾಕದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು?

ದತ್ತಿಸಂಸ್ಥೆಗಳಲ್ಲಿ ದೋಷಗಳೇ ಇಲ್ಲವೆಂದು ನಾನು ಹೇಳಲಾರೆ. ದಾನವು ಕಣ್ಣೀರು ಇರುವ ಕಡೆಗೆ ಹರಿಯುತ್ತದೆ. ಎಳೆ ಮಗುವಿನ ಚಿತ್ರವನ್ನು ಕಂಡು ಕರಗುವ ಮನಸ್ಸು ಕುಡಿದು ರೋಗಿಯಾದವನನ್ನು ಕಂಡು ಕಲ್ಲಾಗುತ್ತದೆ. ಯಕೃತ್ತಿನ ರೋಗಕ್ಕೆ ಅಂಟಿರುವ ಅಪವಾದದಿಂದ ಅದರ ಹೆಸರಿನಲ್ಲಿ ಹಣ ಎತ್ತುವುದೇ ಕಷ್ಟ. ಇದು ಎಷ್ಟರಮಟ್ಟಿಗೆ ನ್ಯಾಯ? ಕುಡಿಯುವವನ ರೋಗವನ್ನು ಹೀಗಳೆಯುವ ನಾವು ಅವನ ಕುಡಿತದ ಹಣವನ್ನು ಹೀಗಳೆಯುವುದಿಲ್ಲ. ನಮ್ಮ ರಾಜ್ಯದಲ್ಲಿ ಸಾರಾಯಿಯನ್ನು 2007ರ ಜುಲೈಯಲ್ಲಿ ನಿಷೇಧಿಸಿದರು, ನಿಜ. ಆದರೆ ಉಳಿದ ಮದ್ಯಗಳ ಮೇಲಿನ ಅಬಕಾರಿಯಿಂದ 2023-24ರಲ್ಲಿ ಬೊಕ್ಕಸಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗಳಿಗೂ ಮಿಕ್ಕಿ ಬಂದಿದೆ. ಇನ್ನೊಂದು ದೋಷವೆಂದರೆ, ಹಣವಿದ್ದವನೇ ಯಾವ ರೋಗ ದೊಡ್ಡದೆಂದು ತೀರ್ಮಾನಿಸುವುದು. ಸಾಗರದಾಚೆಯ ದಾನಿಗೆ ನಮ್ಮ ಹಳ್ಳಿಯ ರೋಗ ಕಾಣದೆ ಹೋಗಬಹುದು. ಆದುದರಿಂದಲೇ ನಮ್ಮ ದಾನಿಗಳು ನಮ್ಮಲ್ಲಿಯೇ ಹುಟ್ಟಬೇಕು ಎನ್ನುತ್ತೇನೆ.

"ಹೊಟ್ಟೆಗಿಲ್ಲದವನ ಮುಂದೆ ಸಂಶೋಧನೆಯ ಮಾತೇಕೆ? ಅದು ಸರ್ಕಾರದ ಕೆಲಸ" ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಹಸಿವಿಗೆ ಮೊದಲ ಮಣೆ ಸಲ್ಲತಕ್ಕದ್ದೇ. ಆದರೆ ಮನೆಯಲ್ಲಿ ದುಡಿಯುವವನು ನಲವತ್ತರ ವಯಸ್ಸಿನಲ್ಲಿ ಜಲೋದರದಿಂದ ಮಲಗಿದರೆ ಆ ಮನೆಯ ಹಸಿವು ಅಂದಿನಿಂದಲೇ ಆರಂಭವಾಗುತ್ತದೆ. ದಾಸೋಹದ ಸಾಲು ಬೆಳೆಯದಂತೆ ಮಾಡುವುದೂ ದಾಸೋಹವೇ. ಇನ್ನು ಸರ್ಕಾರದ ಮಾತು. ಸರ್ಕಾರದ ಹಣ ದೊಡ್ಡದು. ಅದರ ನಡಿಗೆ ನಿಧಾನ. ಫಲ ಬರುವುದೋ ಇಲ್ಲವೋ ಎಂಬ ಸಂದೇಹವಿರುವ ಮೊದಲ ಹೆಜ್ಜೆಗೆ ದಾನಿಯ ಸಣ್ಣ ಹಣವೇ ಹೆಚ್ಚು ಉಪಕಾರಿ. ಆ ಹೆಜ್ಜೆ ಗಟ್ಟಿಯಾದರೆ ಸರ್ಕಾರ ಹಿಂದೆ ಬರುತ್ತದೆ. ಲಸಿಕೆಯ ಕಥೆಯಲ್ಲಿ ನಡೆದದ್ದೂ ಹೀಗೆಯೇ ಅಲ್ಲವೆ?

ಹಾಗಾದರೆ ನಮ್ಮ ಸೀಮೆಯಲ್ಲಿ ಏನು ಮಾಡಬಹುದು? ಸಂಡೂರಿನ ಬೆಟ್ಟಗಳಿಂದ ಅದಿರು ಹೊರಟುಹೋಗುತ್ತಿದೆ. ತೋರಣಗಲ್ಲಿನಲ್ಲಿ ಉಕ್ಕು ಕಾಯುತ್ತಿದೆ. 2013ರ ಕಂಪೆನಿಗಳ ಕಾಯಿದೆಯಂತೆ ದೊಡ್ಡ ಕಂಪೆನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಗಳಿಗೆ ಖರ್ಚು ಮಾಡತಕ್ಕದ್ದು. ಸರ್ಕಾರದ ಹಣದಿಂದ ನಡೆಯುವ ವಿಶ್ವವಿದ್ಯಾಲಯಗಳ ಹಾಗೂ ಸಂಶೋಧನಾ ಸಂಸ್ಥೆಗಳ ವೈದ್ಯಕೀಯ ಸಂಶೋಧನೆಗೂ ಈ ಹಣವನ್ನು ಕೊಡಬಹುದೆಂದು 2019ರಲ್ಲಿ ಆ ಕಾಯಿದೆಯ ಪಟ್ಟಿಗೆ ಸೇರಿಸಿದ್ದಾರೆ. ಬಳ್ಳಾರಿಯಲ್ಲಿ 1961ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹಣ, ಕಾನೂನು, ಕಾಲೇಜು ಮೂರೂ ಇರುವಾಗ ಇಲ್ಲದಿರುವುದು ಮನಸ್ಸೊಂದೇ. ಕಂಪ್ಲಿ, ಸಂಡೂರು, ಹೊಸಪೇಟೆ ತಾಲ್ಲೂಕುಗಳ ಕೆಲವು ಹಳ್ಳಿಗಳನ್ನು ಆರಿಸಿ, ಬೀರ್‌ಭೂಮಿನಲ್ಲಿ ಮಾಡಿದಂತೆ, ಹೆಪಟೈಟಿಸ್ ಎಷ್ಟು ಮಂದಿಯಲ್ಲಿದೆ, ಕೊಬ್ಬಿನ ಯಕೃತ್ತು ಎಷ್ಟು ಮಂದಿಗೆ, ಕುಡಿತದಿಂದ ಕೆಟ್ಟದ್ದೆಷ್ಟು ಎಂಬ ಲೆಕ್ಕವನ್ನು ಮೊದಲು ತೆಗೆಯಲಿ. ಇದಕ್ಕೆ ಅರಮನೆಯಂತಹ ಕಟ್ಟಡ ಬೇಡ. ಒಂದಿಬ್ಬರು ತರುಣ ವೈದ್ಯರ ಸಂಬಳ, ರಕ್ತಪರೀಕ್ಷೆಯ ಸಾಮಗ್ರಿ, ಒಂದು ಸ್ಕ್ಯಾನಿಂಗ್ ಯಂತ್ರ, ಓಡಾಡಲು ಒಂದು ಜೀಪು ಇದ್ದರೆ ಆರಂಭಕ್ಕೆ ಸಾಕು. ಕಂಪೆನಿಗಳೊಡನೆ ಮಠಗಳೂ ರೈಸ್‌ಮಿಲ್ಲಿನ ಮಾಲೀಕರೂ ಊರಿನ ಸಂಘಗಳೂ ಕೈಗೂಡಿಸಬಹುದು. ಹನಿಗೂಡಿದರೆ ಹಳ್ಳವಲ್ಲವೆ?

ಹಣ ಕೊಡುವವರಿಗೆ ಮೂರು ಷರತ್ತುಗಳನ್ನು ವಿಧಿಸಬೇಕೆಂದು ನನ್ನ ಅಭಿಪ್ರಾಯ. ಒಂದನೆಯದು, ಯಾವ ಸಂಶೋಧನೆಗೆ ಹಣ ಸಲ್ಲಬೇಕೆಂಬುದನ್ನು ಬಲ್ಲವರು ನಿರ್ಣಯಿಸಲಿ. ದಾನಿಯಾಗಲಿ ರಾಜಕಾರಣಿಯಾಗಲಿ ಅದರಲ್ಲಿ ತಲೆ ಹಾಕಬಾರದು. ಎರಡನೆಯದು, ಫಲಿತಾಂಶವು ಸಿಹಿಯಾಗಿರಲಿ ಕಹಿಯಾಗಿರಲಿ ಪ್ರಕಟವಾಗಬೇಕು. ಅದರ ಸಾರಾಂಶವು ರಕ್ತ ಕೊಟ್ಟ ಹಳ್ಳಿಯವರಿಗೆ ಅವರದೇ ಕನ್ನಡದಲ್ಲಿ ತಿಳಿಯಬೇಕು. ಮೂರನೆಯದು, ರೋಗ ಕಂಡುಬಂದವರ ಹೆಸರು ಗುಟ್ಟಾಗಿರಬೇಕು. ಅವರಿಗೆ ಕೂಡಲೇ ಉಚಿತ ಚಿಕಿತ್ಸೆ ದೊರೆಯುವಂತೆ ಏರ್ಪಡಿಸಬೇಕು. ಬಡವನ ರಕ್ತವನ್ನು ತೆಗೆದುಕೊಂಡು ಅವನಿಗೆ ಏನನ್ನೂ ಹಿಂದಿರುಗಿಸದ ಸಂಶೋಧನೆಯು ದಾನವಲ್ಲ, ಸುಲಿಗೆ.

ಸಹಪಾಠಿಗಳೆ, ನಮ್ಮ ಬಳಿ ಕೊಡಲು ಹಣವಿಲ್ಲ. ಆದರೆ ಮನೆಮನೆಗೆ ಹೋಗಿ ಲೆಕ್ಕ ಬರೆಯುವ ಕೆಲಸಕ್ಕೆ ಕಾಲುಗಳಿವೆ; ಹಳ್ಳಿಯವರ ಭಾಷೆಯಲ್ಲಿ ವಿಷಯವನ್ನು ತಿಳಿಹೇಳಲು ನಾಲಗೆಯಿದೆ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಅದರೊಡನೆ ಒಂದು ದಿನ ಊರಿನ ಬಸುರಿಯರೆಲ್ಲರೂ ಹೆಪಟೈಟಿಸ್ ಪರೀಕ್ಷೆ ಮಾಡಿಸಿದ್ದಾರೆಯೆ, ಹುಟ್ಟಿದ ಮಕ್ಕಳಿಗೆ ಮೊದಲ ದಿನದ ಚುಚ್ಚುಮದ್ದು ಬಿದ್ದಿದೆಯೆ ಎಂದು ಆಶಾ ಕಾರ್ಯಕರ್ತೆಯರೊಡನೆ ಕೂಡಿ ವಿಚಾರಿಸೋಣ. ಮುಂದೆ ನಮ್ಮಲ್ಲಿ ಕೆಲವರು ಅಧಿಕಾರಿಗಳಾಗಬಹುದು, ಕೆಲವರು ವ್ಯಾಪಾರಿಗಳಾಗಬಹುದು, ಕೆಲವರು ಊರಿನ ಪಂಚಾಯತಿಯಲ್ಲಿ ಕೂರಬಹುದು. ಅಂದು ನಮ್ಮ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ, ಕಲ್ಲಿನ ಮೇಲೆ ಹೆಸರು ಕೊರೆಸುವ ಮೊದಲು ಒಂದು ಪಾಲನ್ನು ಇನ್ನೂ ಉತ್ತರ ಸಿಗದ ಪ್ರಶ್ನೆಯೊಂದಕ್ಕಾಗಿ ತೆಗೆದಿಡೋಣ. ಆ ಹಣ ಎಲ್ಲಿ ಹೋಯಿತೆಂದು ನಮಗೆ ಕಾಣದಿರಬಹುದು. ಯಾವುದೋ ಮನೆಯಲ್ಲಿ ಯಾವುದೋ ತಾಯಿಗೆ ಬರಬೇಕಾಗಿದ್ದ ರೋಗವು ಬಾರದೆ ಹೋದರೆ ಅದು ಯಾರಿಗೆ ತಾನೆ ಕಾಣುತ್ತದೆ?

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಎಮ್ಮಿಗನೂರು